ಕಂಬಳಿಯ ಮುಂದೆ ಆಡಿದ ಮಾತು

ಉತ್ತಮ ಶಿಕ್ಷಕ ಪ್ರಶಸ್ತಿಗೆ ನಾವೇ ಅರ್ಜಿ ಹಾಕಿಕೊಳ್ಳಬೇಕು. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಯಾರೋ ದೊಡ್ಡವರು ಹಳ್ಳಿ ಹಳ್ಳಿ ಸುತ್ತಿ, ಒಳ್ಳೆಯ ಮೇಷ್ಟ್ರು ಎಲ್ಲಿದ್ದಾರೆ ಎಂದು ಹುಡುಕಿ, ಕೈ ಹಿಡಿದು ವೇದಿಕೆಗೆ ಕರೆದುಕೊಂಡು ಬರುತ್ತಾರೆ ಎಂದೇ ಜನ ತಿಳಿದಿರುತ್ತಾರೆ. ಹಾಗೇನಿಲ್ಲ. ನಾನು ಒಳ್ಳೆಯವಳು, ಇಂತಿಂಥದ್ದೆಲ್ಲ ಮಾಡಿದ್ದೇನೆ, ಇಗೋ ಫೋಟೋ, ಇಗೋ ಪೇಪರ್ ಕಟಿಂಗು ಎಂದು ನಾವೇ ಬರೆದು, ಫೈಲು ಮಾಡಿ ಮೇಲಿನವರಿಗೆ ಒಪ್ಪಿಸಬೇಕು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯೇ ತನ್ನ ಗುಣಗಾನ ಮಾಡಿಕೊಂಡ ಹಾಗೆ. ನನಗೆ ಮೊದಲಿನಿಂದಲೂ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಈಗ ನನ್ನ ಮನೆಯ ಷೋಕೇಸಿನಲ್ಲೇ ಅಂಥದೊಂದು ಫಲಕ ಇದೆ. ಅದರ ಧೂಳು ಒರೆಸುವಾಗಲೆಲ್ಲ ಮನಸ್ಸು ಕೆಡುತ್ತದೆ. ಯಾಕೆ ಕೆಡುತ್ತದೆ ಎಂಬುದನ್ನು ಒಂದು ಸಲ ಬರೆದುಬಿಡೋಣ ಎನ್ನಿಸಿತು.

ನಾನು ಇರುವುದು ಹಿರಿಯೂರಿನ ಹತ್ತಿರ ಬಬ್ಬೂರಿನಲ್ಲಿ. ಕೆಲಸ ಮಾಡುವುದು ಐಮಂಗಲದಲ್ಲಿ ಬಸ್ಸಿಳಿದು, ಹೈವೇ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಹಟ್ಟಿಯಲ್ಲಿ. ಒಂದರಿಂದ ಐದನೇ ತರಗತಿಯವರೆಗಿನ ಸರ್ಕಾರಿ ಶಾಲೆ, ಎರಡೇ ಕೋಣೆ, ಆಗ ಇಬ್ಬರೇ ಶಿಕ್ಷಕರು. ಒಂದರಿಂದ ಮೂರರವರೆಗಿನ ಚಿಕ್ಕ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿಕಲಿ ನನಗೆ, ನಾಲ್ಕು ಮತ್ತು ಐದನೇ ತರಗತಿ ಹೆಡ್‌ಮೇಷ್ಟ್ರಿಗೆ. ಅವರು ಹೊಳಲ್ಕೆರೆಯವರು. ಸಂಸಾರ ಅಲ್ಲಿ, ಇವರು ವಾರವೆಲ್ಲ ಐಮಂಗಲದ ಬಾಡಿಗೆ ರೂಮಿನಲ್ಲಿ. ಶನಿವಾರ ಶಾಲೆ ಬಿಟ್ಟ ಕೂಡಲೇ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡುತ್ತಿದ್ದರು.

ಸಾಧು ಮನುಷ್ಯರು ಎಂದು ಬರೆದರೆ ಅವರನ್ನು ಬಲ್ಲವರು ನಗುತ್ತಾರೆ. ನಿವೃತ್ತಿ ಹತ್ತಿರ ಬಂದಿದ್ದರೂ ಮೀಸೆಗೆ ತಪ್ಪದೆ ಬಣ್ಣ ಹಚ್ಚುವರು. ಯಾರಾದರೂ ಫೋಟೋ ತೆಗೆಯಲು ಮೊಬೈಲು ಎತ್ತಿದರೆ ಎಲ್ಲಿದ್ದರೂ ಬಂದು ನಡುವೆ ನಿಲ್ಲುವರು. ಸಿಟ್ಟು ಬಂತೆಂದರೆ ಅವರ ಬೈಗುಳ ಹಟ್ಟಿಯ ಕೊನೆಯ ಮನೆಗೂ ಕೇಳುತ್ತಿತ್ತು. ನನ್ನ ಕೋಪವೂ ಮೂಗಿನ ತುದಿಯಲ್ಲೇ. ಚಾಕ್‌ಪೀಸಿಗೆ, ನೀರಿನ ಟ್ಯಾಂಕಿಗೆ, ಪ್ರಾರ್ಥನೆಗೆ ಮೂರು ನಿಮಿಷ ತಡವಾಗಿದ್ದಕ್ಕೆ, ಹೀಗೆ ಏನಾದರೊಂದು ನೆವ ಹಿಡಿದು ನಾವಿಬ್ಬರೂ ಜಗಳ ಆಡುತ್ತಲೇ ಇದ್ದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಡಬ್ಬಿಯ ಚಟ್ನಿ ಅವರ ತಟ್ಟೆಗೆ, ಅವರ ಮನೆಯ ಉಪ್ಪಿನಕಾಯಿ ನನ್ನ ತಟ್ಟೆಗೆ ಹೋಗುತ್ತಿತ್ತು. ಅಲ್ಲಿಗೆ ರಾಜಿ.

ನಮ್ಮ ಹಟ್ಟಿಯ ಬಹುಪಾಲು ಮನೆಗಳದು ಕುರಿ ಕಸುಬು. ಮಳೆಗಾಲದಲ್ಲಿ ಇಲ್ಲೇ ಸುತ್ತಮುತ್ತ ಮೇವು ಸಿಗುತ್ತದೆ. ಸಂಕ್ರಾಂತಿ ಕಳೆದರೆ ಇಲ್ಲಿ ಏನೂ ಇರುವುದಿಲ್ಲ. ಆಗ ಕುರಿ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆಗೆ ಹೊರಡುತ್ತಾರೆ. ಅಲ್ಲಿಯ ರೈತರು ಗೊಬ್ಬರಕ್ಕೆಂದು ತಮ್ಮ ಹೊಲ, ತೋಟಗಳಲ್ಲಿ ರಾತ್ರಿ ಕುರಿ ಮಂದೆ ಹಾಕಿಸಿಕೊಳ್ಳುತ್ತಾರೆ. ಒಂದು ಹೊಲದಲ್ಲಿ ಎರಡು ದಿನ, ಇನ್ನೊಂದರಲ್ಲಿ ನಾಲ್ಕು ದಿನ, ಹೀಗೆ ಮುಂಗಾರು ಬರುವವರೆಗೂ ಊರೂರು ಸುತ್ತುವುದು. ಗಂಡ ಹೆಂಡತಿ ಇಬ್ಬರೂ ಹೊರಟರೆ ಮಕ್ಕಳನ್ನು ಬಿಡುವುದು ಯಾರ ಬಳಿ? ಅಜ್ಜಿ ಇದ್ದ ಮನೆಯ ಮಕ್ಕಳು ಉಳಿಯುತ್ತಿದ್ದವು, ಇಲ್ಲದವು ಕುರಿಯ ಹಿಂದೆ ಹೋಗುತ್ತಿದ್ದವು.

ನಾನು ಆ ಶಾಲೆಗೆ ಬಂದ ವರ್ಷ, ಕುರಿಗಳು ಹೊರಟ ಮೇಲೆ ಒಂದು ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಹಾಜರಿ ಕೂಗುವುದು ಕೇಳಿಸಿತು. ಎಲ್ಲ ತರಗತಿಗಳ ಹಾಜರಿ ಪುಸ್ತಕವೂ ಅವರ ಬಳಿಯೇ ಇರುತ್ತಿತ್ತು. ಊರಲ್ಲೇ ಇಲ್ಲದ ಮಕ್ಕಳ ಹೆಸರು ಕೂಗಿ, ಉತ್ತರಕ್ಕೂ ಕಾಯದೆ ಹಾಜರಿ ಹಾಕುತ್ತಿದ್ದರು. ನಾನು ಬಾಗಿಲಿಗೆ ಹೋಗಿ ನಿಂತೆ. "ಸರ್, ಇದು ಸುಳ್ಳು ಹಾಜರಿ ಅಲ್ವಾ? ನಾಳೆ ಯಾರಾದ್ರೂ ಬಂದ್ರೆ ನಾನೂ ಸಿಕ್ಕಿಹಾಕ್ಕೊಳ್ತೀನಿ" ಎಂದೆ. ಅವರು ತಲೆ ಎತ್ತದೆ, "ಸಂಜೆ ಒಂದು ಬಸ್ಸು ಬಿಡಮ್ಮ. ನೋಡಿ ಆಮೇಲೆ ಮಾತಾಡು" ಎಂದರು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಜಗುಲಿಯ ಮೇಲೆ ಕೂತೆವು. ಹೊತ್ತು ಇಳಿಯುವ ಹೊತ್ತಿಗೆ ಅವರ ಮೊಬೈಲಿಗೆ ಮಿಸ್ಡ್ ಕಾಲ್ ಬಂತು. ಅವರು ತಿರುಗಿ ಮಾಡಿ, ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟರು. ಮೊದಲು ಬರೀ ಕುರಿಗಳ ಸದ್ದು. ಆಮೇಲೆ ಒಂದು ಪುಟ್ಟ ಹುಡುಗಿಯ ದನಿ. ಎರಡನೇ ತರಗತಿಯ ಹುಡುಗಿ, ನನ್ನ ನಲಿಕಲಿಯದ್ದೇ. ಹೊಸದುರ್ಗದ ಆಚೆ ಯಾರದೋ ತೆಂಗಿನ ತೋಟದಲ್ಲಿ ಕೂತು ಪಾಠ ಓದತೊಡಗಿದಳು. ಒತ್ತಕ್ಷರ ಬಂದಲ್ಲಿ ತಡವರಿಸಿದರೆ ಮೇಷ್ಟ್ರು ಗದರುವರು, ಮತ್ತೆ ಮೊದಲಿಂದ ಓದಿಸುವರು. ನಡುವೆ ಅವಳು "ತಡೀರಿ ಸಾ, ಮರಿ ಪುಸ್ತಕ ತಿಂತೈತೆ" ಎಂದಾಗ ನಾನು ನಕ್ಕುಬಿಟ್ಟೆ. ಮುಗಿಸಿ, "ಹಾಜರಿ ಹಾಕ್ಕಳ್ರಿ ಸಾ" ಎಂದಳು. "ಹಾಕ್ಕಂಡೆ, ಹೋಗಿ ಉಣ್ಣು" ಎಂದರು ಮೇಷ್ಟ್ರು. ಹೀಗೆ ಒಂದಾದ ಮೇಲೆ ಒಂದು ಮಗು. ಒಬ್ಬ ಹುಡುಗ ಫೋನು ಮಾಡಲೇ ಇಲ್ಲ. ಮರುದಿನ ಅವನ ಹೆಸರಿನ ಮುಂದೆ ಗೈರು ಬಿತ್ತು.

"ಕೊರೋನಾ ಬಂದಾಗ ಶಾಲೆ ಮುಚ್ಚಿ, ಫೋನಿನಾಗೆ ಪಾಠ ಮಾಡ್ರಿ, ಅದೂ ಶಾಲೇನೇ ಅಂದ್ರಲ್ಲಮ್ಮ" ಎಂದು ಅವರು ವಾದ ಹೂಡಿದರು. "ಅವಾಗ ಶಾಲೆ ಆಗಿದ್ದು ಈಗ್ಯಾಕೆ ಆಗಲ್ಲ? ಟಿ.ಸಿ. ಕೊಟ್ಟು ಕಳಿಸು ಅಂತಾರೆ. ಯಾವ ಶಾಲೆಗೆ ಕೊಡ್ಲಿ? ಸೋಮವಾರ ಒಂದು ಊರು, ಗುರುವಾರ ಇನ್ನೊಂದು ಊರು. ಒಂದ್ಸಲ ನಮ್ಮ ಪುಸ್ತಕದಾಗೆ ಹೆಸರು ಹೊಡೆದ್ರೆ ಮುಗೀತು, ಆ ಕೂಸು ಎಲ್ಲೂ ಇಲ್ಲ."

ಅಷ್ಟೇ ಅಲ್ಲ. ಮಂದೆ ಬಿದ್ದ ಹೊಲದ ಹತ್ತಿರ ಶಾಲೆ ಇದ್ದರೆ ಅಲ್ಲಿಯ ಮೇಷ್ಟ್ರಿಗೆ ಫೋನು ಹೋಗುತ್ತಿತ್ತು. ಕಾಲೇಜಿನಲ್ಲಿ ಜೊತೆಗಿದ್ದವರು, ತರಬೇತಿಗಳಲ್ಲಿ ಪಕ್ಕದಲ್ಲಿ ಕೂತಿದ್ದವರು, ಚುನಾವಣೆ ಡ್ಯೂಟಿಯಲ್ಲಿ ಚಾಪೆ ಹಂಚಿಕೊಂಡವರು, ಹೀಗೆ ಅವರಿಗೆ ಪರಿಚಯವಿಲ್ಲದ ಮೇಷ್ಟ್ರೇ ಆ ಕಡೆ ಇರಲಿಲ್ಲ. "ನಮ್ಮ ಎರಡು ಕೂಸು ನಿಮ್ಮ ಊರಾಗವೆ, ಹಿಂದಿನ ಬೆಂಚಿನಾಗೆ ಕುಂದ್ರಿಸ್ಕಳ್ರಿ, ಒಂದು ತುತ್ತು ಊಟ ಹಾಕ್ರಿ" ಎಂದು ಹಕ್ಕಿನಿಂದ ಹೇಳುವರು. ಆದರೆ ನಮ್ಮ ಶಾಲೆಯ ಬಿಸಿಯೂಟದ ಲೆಕ್ಕದಲ್ಲಿ ಆ ಮಕ್ಕಳನ್ನು ಎಂದೂ ಸೇರಿಸಿದವರಲ್ಲ. ಹಾಜರಿ ಓದಿದ್ದಕ್ಕೆ, ಊಟ ಉಂಡಿದ್ದಕ್ಕೆ ಎನ್ನುವರು. ನಾನು ಮತ್ತೆ ಆ ವಿಷಯಕ್ಕೆ ಜಗಳ ತೆಗೆಯಲಿಲ್ಲ. ನನ್ನ ನಲಿಕಲಿ ಮಕ್ಕಳನ್ನು ನಾನೇ ಸಂಜೆ ಬಸ್ಸಿನಲ್ಲಿ ಕೂತು ಓದಿಸತೊಡಗಿದೆ. ಕಂಡಕ್ಟರಿಗೂ ಅಭ್ಯಾಸವಾಗಿಹೋಯಿತು.

ಆ ಹುಡುಗಿ ಹೀಗೇ ನಾಲ್ಕನೇ ತರಗತಿಗೆ ಬಂದಳು. ನಮ್ಮ ಶಾಲೆಯಲ್ಲಿ ಅಷ್ಟು ಚೆನ್ನಾಗಿ ಓದುವವರು ಬೇರೆ ಇರಲಿಲ್ಲ. ವರ್ಷದ ಅರ್ಧ ಕಾಲ ಕುರಿಯ ಹಿಂದೆ ಇದ್ದವಳು ಅವಳು.

ಮೇಷ್ಟ್ರಿಗೆ ಪ್ರಶಸ್ತಿ ಬೇಕಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅವರೂ ಮುಚ್ಚಿಡುತ್ತಿರಲಿಲ್ಲ. ಸೆಪ್ಟೆಂಬರ್ ಐದರಂದು ಚಿತ್ರದುರ್ಗದಲ್ಲಿ ಯಾರ್ಯಾರಿಗೋ ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವಾಗ ಇವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬರುತ್ತಿದ್ದರು. ಮರುದಿನ ಪ್ರತಿಯೊಬ್ಬರ ಬಗ್ಗೆಯೂ ನನ್ನ ಮುಂದೆ ಒಂದೊಂದು ಕೊಂಕು. "ಆವಯ್ಯ ಗಿಡ ನೆಟ್ಟಿದ್ದು ಫೋಟೋಕ್ಕೆ. ಆ ಗುಂಡಿಯಾಗೆ ವರ್ಷಾ ವರ್ಷಾ ಹೊಸ ಗಿಡ" ಎನ್ನುವರು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ನಿವೃತ್ತಿಗೆ ಒಂದು ವರ್ಷ ಉಳಿದಾಗ, ಇದೇ ಕೊನೆಯ ಸಲ ಎಂದು ಅರ್ಜಿ ಹಾಕಿದರು. ಚಂದ್ರವಳ್ಳಿಗೆ ಮಕ್ಕಳ ಪ್ರವಾಸ ಕರೆದುಕೊಂಡು ಹೋದ ಫೋಟೋ, ಕೈತೋಟದ ಫೋಟೋ, ರಾಷ್ಟ್ರೀಯ ಹಬ್ಬದ ಫೋಟೋ, ಎಲ್ಲದರ ನಡುವೆಯೂ ಮೀಸೆ. ನಾನು, "ಸರ್, ಫೋನಿನ ಓದು?" ಎಂದು ಕೇಳಿದೆ.

"ಅದು ಬ್ಯಾಡಮ್ಮ. ಅದನ್ನ ಬರೆದ್ರೆ ಪ್ರಶಸ್ತಿ ಬದಲು ನೋಟೀಸು ಬರ್ತೈತೆ."

"ನೀವು ಮಾಡಿದ ದೊಡ್ಡ ಕೆಲಸವೇ ಅದಲ್ವಾ?"

"ದೊಡ್ಡ ಕೆಲಸ ಮಾಡಾಕೆ. ತೋರಿಸಾಕೆ ಕೈತೋಟ ಐತಲ್ಲ" ಎಂದು ನಕ್ಕರು.

ಫೈಲು ಮೇಲೆ ಹೋಯಿತು, ಮೊದಲ ಸುತ್ತಿನಲ್ಲಿ ಪಾಸಾಯಿತು. ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಬಂದವರು ಪೋಷಕರನ್ನೂ ಮಾತಾಡಿಸುತ್ತಾರೆ. ಮಳೆಗಾಲವಾದ್ದರಿಂದ ಕುರಿಗಳೆಲ್ಲ ಊರಲ್ಲೇ ಇದ್ದವು, ಹುಡುಗಿಯ ಅಪ್ಪನೂ ಇದ್ದ. ಶಾಲಾ ಸಮಿತಿಯಲ್ಲಿ ಅವನ ಮಾತೇ ನಡೆಯುತ್ತಿದ್ದುದು. ನಾನೇ ಹಟ್ಟಿಗೆ ಹೋಗಿ, "ನೋಡಪ್ಪ, ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು ಉತ್ತರ ಹೇಳ್ರಿ, ಫೋನಿನ ವಿಷಯ ಎತ್ತಬ್ಯಾಡ್ರಿ" ಎಂದು ಕಿವಿಮಾತು ಹೇಳಿ ಬಂದೆ. "ಆಗ್ಲೇಳು ಟೀಚರ್, ನಮ್ಮ ಮೇಷ್ಟ್ರು ಮಾನ ನಮ್ಮದಲ್ವಾ" ಎಂದ.

ಬಂದವರು ಮೂವರು. ಅವರಲ್ಲಿ ಮುಖ್ಯರಾದ ಅಧಿಕಾರಿ ಮೆದು ಮಾತಿನವರು. ನಾವು ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದೆವು. ಹಟ್ಟಿಯ ಹಿರಿಯರು ಬಂದವರೇ ಕುರ್ಚಿಗಳನ್ನು ಅತ್ತ ಸರಿಸಿ, ಹೆಗಲ ಮೇಲಿಂದ ಕರಿ ಕಂಬಳಿ ತೆಗೆದು ನೆಲಕ್ಕೆ ಹಾಸಿದರು. "ಕುಂತ್ಕಳ್ರಿ ಸ್ವಾಮಿ" ಎಂದರು. ಇದನ್ನು ನಾನು ಎಣಿಸಿರಲಿಲ್ಲ.

ಕುರಿ ಸಾಕುವವರಲ್ಲಿ ಕಂಬಳಿ ಹಾಸುವುದೆಂದರೆ ಬರೀ ಕೂರಲು ಬಟ್ಟೆ ಹಾಕುವುದಲ್ಲ. ಅದು ದೇವರ ಗದ್ದುಗೆಗೆ ಸಮ. ಆ ಹಟ್ಟಿಯಲ್ಲಿ ಮದುವೆ ಮಾತು, ಪಾಲಿನ ಮಾತು, ಜಗಳದ ತೀರ್ಮಾನ, ಏನಿದ್ದರೂ ಕಂಬಳಿ ಹಾಸಿಯೇ. ಹಾಸಿದ ಮೇಲೆ ಅದರ ಮುಂದೆ ಸುಳ್ಳು ಆಡುವಂತಿಲ್ಲ, ಗೊತ್ತಿದ್ದುದನ್ನು ಬಚ್ಚಿಡುವಂತೆಯೂ ಇಲ್ಲ. ಬಂದವರಿಗೆ ಕೊಡಬಹುದಾದ ದೊಡ್ಡ ಮರ್ಯಾದೆಯನ್ನು ಅವರು ಕೊಟ್ಟಿದ್ದರು. ನಮ್ಮ ಅಧಿಕಾರಿಯೂ ಒಳ್ಳೆಯ ಮನುಷ್ಯ, ಚಪ್ಪಲಿ ಬಿಟ್ಟು ಬಂದು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕುರ್ಚಿಯಲ್ಲೇ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಈಗಲೂ ಅಂದುಕೊಳ್ಳುತ್ತೇನೆ.

ಮಕ್ಕಳನ್ನು ಓದಿಸಿ ನೋಡಿದರು. ಹುಡುಗಿ ತನ್ನ ಪುಸ್ತಕ ಬಿಟ್ಟು, ಐದನೆಯ ತರಗತಿಯ ಪುಸ್ತಕದಿಂದ ಪುಟಗಟ್ಟಲೆ ಗಲಗಲ ಓದಿದಳು. ಅಧಿಕಾರಿ ಖುಷಿಯಾಗಿ ಅವಳ ಅಪ್ಪನ ಕಡೆ ತಿರುಗಿ, "ನಿಮ್ಮ ಮಗಳೇನ್ರೀ? ದಿನಾ ತಪ್ಪದೆ ಶಾಲೆಗೆ ಬರ್ತಾಳೆ ಅನ್ಸುತ್ತೆ" ಎಂದರು.

ಅವನು ಕಂಬಳಿಯನ್ನೊಮ್ಮೆ ನೋಡಿದ. ನನ್ನ ಕಡೆ ಒಂದು ಸಲ ನೋಡಿದ. ಅವನು ಆ ಕ್ಷಣ ಪಟ್ಟ ಸಂಕಟ ನನಗೆ ಕಾಣಿಸಿತು. ಆಮೇಲೆ ಕೈ ಮುಗಿದ.

"ಎಲ್ಲಿ ಬರ್ತಾಳೆ ಸ್ವಾಮಿ? ಸಂಕ್ರಾಂತಿ ಆದ್ಮೇಲೆ ಮಳೆಗಾಲದ ತಂಕ ನಮ್ಮ ಜೊತಿಗೇ ಇರ್ತಾಳೆ, ಹೊಸದುರ್ಗದ ಕಡೆ. ಕುರಿ ಹಿಂದೆ. ಆದ್ರೂ ನಮ್ಮ ಮೇಷ್ಟ್ರು ಬಿಡಲಿಲ್ಲ. ದಿನಾ ಸಂಜೆಮುಂದ ಫೋನ್ ಹಚ್ಚಿ ಓದಿಸ್ತಾರೆ. ನಾವು ಯಾವೂರಾಗಿದ್ರೆ ಆ ಊರಿನ ಮೇಷ್ಟ್ರಿಗೆ ಹೇಳಿ ಕುಂದ್ರಿಸ್ತಾರೆ. ನಮ್ಮಪ್ಪ ನಮ್ಮನ್ನ ಹಿಂಗೆ ನೋಡ್ಕಂಡಿಲ್ಲ ಸ್ವಾಮಿ."

ಅಧಿಕಾರಿ, "ಮತ್ತೆ ಹಾಜರಿ?" ಎಂದರು.

"ಹಾಕ್ತಾರೆ. ಓದಿದ ದಿನ ಹಾಕ್ತಾರೆ. ಓದದ ದಿನ ನಾನು ಕಾಲಿಗೆ ಬಿದ್ರೂ ಹಾಕಲ್ಲ. ಅಂಥ ಕಟ್ಟುನಿಟ್ಟು."

ಹಿರಿಯರೆಲ್ಲ ಹೌದೌದು ಎಂದು ತಲೆದೂಗಿದರು. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮನೆಯ ಮಕ್ಕಳ ಕಥೆ ಹೇಳತೊಡಗಿದರು. ಹೇಳಿದಷ್ಟೂ ಪ್ರಕರಣ ದೊಡ್ಡದಾಗುತ್ತಿತ್ತು, ಅವರ ಮುಖ ಅರಳುತ್ತಿತ್ತು. ಮೇಷ್ಟ್ರು ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದರು. ನಾನು ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಹೊಗಳಿಕೆ ಕೇಳಿ ನಾಚಿದ ಮದುಮಗನ ಹಾಗೆ ತಲೆ ತಗ್ಗಿಸಿದ್ದರು.

ಹೊರಡುವಾಗ ಅಧಿಕಾರಿ ನಮ್ಮಿಬ್ಬರನ್ನೂ ಕಾರಿನ ಹತ್ತಿರ ಕರೆದರು. "ಮೇಷ್ಟ್ರೇ, ನಿಮ್ಮಂಥವರನ್ನ ನಾನು ನೋಡಿಲ್ಲ. ಆದ್ರೆ ಇಷ್ಟು ಜನರ ಮುಂದೆ, ನನ್ನ ಜೊತೆಗೆ ಬಂದವರ ಮುಂದೆ ಕೇಳಿಸ್ಕೊಂಡ ಮೇಲೆ ನಾನೇನು ಮಾಡ್ಲಿ ಹೇಳಿ" ಎಂದರು. ನಿಜವಾಗಿಯೂ ಕೇಳಿದರು. ಮೇಷ್ಟ್ರು, "ನಿಮ್ಮ ಕೆಲಸ ನೀವು ಮಾಡ್ರಿ ಸಾರ್" ಎಂದರು.

ಪ್ರಶಸ್ತಿ ಬೇರೆಯವರಿಗೆ ಹೋಯಿತು. ನಮಗೆ ನೋಟೀಸು ಬಂತು. ಊರಲ್ಲಿಲ್ಲದ ಮಕ್ಕಳಿಗೆ ಹಾಜರಿ ಹಾಕಿದ್ದೇಕೆ, ಬಿಸಿಯೂಟದ ಲೆಕ್ಕಕ್ಕೂ ಹಾಜರಿಗೂ ತಾಳೆಯಾಗದಿರುವುದೇಕೆ. ಕಳ್ಳನಾಗಿದ್ದರೆ ಎರಡನ್ನೂ ತಾಳೆ ಮಾಡಿಟ್ಟಿರುತ್ತಿದ್ದ ಎಂದು ನಾನು ಕೂಗಾಡಿದೆ. ಕೂಗಾಡಿದ್ದು ನಮ್ಮ ಕೋಣೆಯ ಗೋಡೆಗೆ. ಅಧಿಕಾರಿ ತಮ್ಮ ಕೈಲಾದಷ್ಟು ಮೆದು ಮಾಡಿ, ಬರೀ ಎಚ್ಚರಿಕೆಗೆ ಮುಗಿಸಿದರು. ಮುಂದೆ ವಲಸೆ ಹೋಗುವ ಮಕ್ಕಳಿಗೆ ಹಾಜರಿ ಹಾಕಕೂಡದು, ಬಹಳ ದಿನ ಬಾರದವರನ್ನು ದಾಖಲೆಯಿಂದ ಬಿಡಬೇಕು ಎಂದು ಆದೇಶ.

ಹಟ್ಟಿಯವರು ಪ್ರಶಸ್ತಿ ಬಾರದ್ದಕ್ಕೆ ಕೆಂಡವಾದರು. "ವಶೀಲಿ ಇದ್ದೋರಿಗೆ ಕೊಟ್ಟಾರೆ. ನಾವು ಅಷ್ಟು ಬಿಡಿಸಿ ಹೇಳಿದ್ರೂ ಕಿವಿಗೆ ಹಾಕ್ಕಳಲಿಲ್ಲ ನೋಡು" ಎಂದು ಹುಡುಗಿಯ ಅಪ್ಪ ನನ್ನ ಬಳಿ ಗೊಣಗಿದ. ನಿಮ್ಮ ಮಾತಿನಿಂದಲೇ ತಪ್ಪಿತು ಎಂಬುದು ನನ್ನ ನಾಲಿಗೆ ತುದಿಗೆ ಬಂದಿತ್ತು. ಮೇಷ್ಟ್ರು ನೋಟೀಸು ಬಂದ ದಿನವೇ ತಡೆದಿದ್ದರು. "ಅವರಿಗೆ ಹೇಳಬ್ಯಾಡಮ್ಮ. ನನ್ನ ಸರ್ವೀಸಿನಾಗೆ ನನ್ನ ಬಗ್ಗೆ ಅಂಥ ಮಾತು ಯಾರೂ ಆಡಿಲ್ಲ. ಅದನ್ನ ತಪ್ಪು ಅಂತ ಅವರ ಬಾಯಾಗೆ ಅನ್ನಿಸಬ್ಯಾಡ" ಎಂದಿದ್ದರು.

ಸಂಕ್ರಾಂತಿ ಕಳೆದು ಕುರಿಗಳು ಹೊರಟವು. ಮೊದಲ ಸಂಜೆ ಎಂದಿನಂತೆ ಮಿಸ್ಡ್ ಕಾಲ್ ಬಂತು. ಮೇಷ್ಟ್ರು ತಿರುಗಿ ಮಾಡಿ ಸ್ಪೀಕರ್ ಹಾಕಿದರು. ಹುಡುಗಿ ಓದಿದಳು, ಒಂದು ತಪ್ಪೂ ಇಲ್ಲದೆ. ಮುಗಿಸಿ, ಹಾಜರಿ ಹಾಕ್ಕಳ್ರಿ ಸಾ ಎಂದಳು. ಮೇಷ್ಟ್ರು ಹಾಕಿದೆ ಎಂದು ಒಂದು ಮಾತು ಅಂದುಬಿಟ್ಟಿದ್ದರೆ ಆಗುತ್ತಿತ್ತು, ಅವಳೇನು ಬಂದು ಪುಸ್ತಕ ತೆಗೆದು ನೋಡುತ್ತಿದ್ದಳೇ? ಆದರೆ ಮಕ್ಕಳಿಗೆ ಅವರು ಸುಳ್ಳು ಹೇಳಿದವರಲ್ಲ. "ಈ ವರ್ಷ ಹಾಜರಿ ಇಲ್ಲ ಮಗ. ಓದು ಮಾತ್ರ" ಎಂದರು. ಆ ಕಡೆ ಬಹಳ ಹೊತ್ತು ಬರೀ ಕುರಿಗಳ ಸದ್ದು ಬಂತು.

ದೊಡ್ಡವರಿಗೆ ಹಾಜರಿ ಎಂದರೆ ಒಂದು ಗುರುತು ಅಷ್ಟೆ. ಆ ಮಗುವಿಗೆ ಅದು, ಎಲ್ಲಿದ್ದರೂ ನನಗೊಂದು ಶಾಲೆ ಇದೆ ಎಂಬುದರ ಗುರುತಾಗಿತ್ತು. ಕೆಲವು ದಿನ ಓದಿದಳು. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಮೇಷ್ಟ್ರೇ ಫೋನು ಮಾಡಬೇಕಾಯಿತು. ಒಂದು ಸಂಜೆ ಅಪ್ಪ ಎತ್ತಿಕೊಂಡು ಸಂಕೋಚದಿಂದ ಹೇಳಿದ. "ಹಾಜರೀನೇ ಇಲ್ಲ ಅಂದ್ಮೇಲೆ ಓದಿ ಏನ್ ಮಾಡ್ತೀಯ ಅಂತ ಅವರವ್ವ ಬೈತಾಳೆ ಮೇಷ್ಟ್ರೇ. ಸಂಜೆಮುಂದ ರೊಟ್ಟಿ ಬಡಿಯಾಕೆ, ಮರಿ ಕಟ್ಟಾಕೆ ಒಂದು ಕೈ ಬೇಕು. ಮೊದ್ಲಾದ್ರೆ ಶಾಲೆ ಕೆಲಸ ಅಂತಿದ್ಲು, ನಾವು ಬಿಡ್ತಿದ್ವಿ."

ಮೇಷ್ಟ್ರು ಹೊಸದುರ್ಗಕ್ಕೆ ಹೋಗಿ ಅವಳನ್ನು ಹಾಸ್ಟೆಲಿಗೂ ಸೇರಿಸಿ ಬಂದರು. ಒಂದು ವಾರಕ್ಕೇ ಅತ್ತು ಕರೆದು ವಾಪಸು ಕುರಿಗಳ ಹತ್ತಿರ ಬಂದಳು. ಅವಳನ್ನು ಬೈಯುವ ಹಾಗಿಲ್ಲ, ಅಪ್ಪ ಅಮ್ಮನನ್ನು ಬಿಟ್ಟು ಒಂದು ರಾತ್ರಿ ಮಲಗಿದವಳಲ್ಲ. ಆದೇಶದಂತೆ ಅವಳ ಹೆಸರು ದಾಖಲೆಯಿಂದ ಹೋಯಿತು. ಅವಳಂತೆಯೇ ಇನ್ನುಳಿದವರದ್ದೂ. ಆ ಮೇ ಕೊನೆಗೆ ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಲು ನಿಂತು ಎರಡು ಮಾತು ಆಡಿ ಕೂತುಬಿಟ್ಟರು. ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಶಾಲೆಯ ಉಸ್ತುವಾರಿ ನನಗೆ ಬಂತು. ಈಗ ಹಾಜರಿ ಎಲ್ಲ ಮೊಬೈಲಿನಲ್ಲಿ. ನಮ್ಮ ಶಾಲೆಯಲ್ಲಿ ಉಳಿದವರು ಅಜ್ಜಿ ಮನೆಯ ಮಕ್ಕಳು, ಊರು ಬಿಡದ ಮಕ್ಕಳು. ಅವು ದಿನಾ ಬರುತ್ತವೆ, ಮೈಗೆ ಹುಷಾರಿಲ್ಲದಿದ್ದರೂ ಊಟಕ್ಕಾದರೂ ಬರುತ್ತವೆ. ಹಾಜರಾತಿಯಲ್ಲಿ ನಮ್ಮದು ತಾಲ್ಲೂಕಿಗೇ ಮುಂದೆ ಎಂದು ಮೇಲಿನವರು ಹೇಳತೊಡಗಿದರು. "ಮೇಡಂ, ನಿಮ್ಮ ಶಾಲೆದು ಮಾದರಿ, ಅರ್ಜಿ ಹಾಕಿ" ಎಂದು ಒತ್ತಾಯ ಬಂತು. ನಾನು ಹಾಕಲಿಲ್ಲ ಎಂದು ಬರೆಯುವಂತಿದ್ದರೆ ನನಗೂ ಚೆನ್ನಾಗಿತ್ತು. ಹಾಕಿದೆ. ಆಸೆ ಯಾರನ್ನು ಬಿಡುತ್ತದೆ? ನನ್ನ ನಲಿಕಲಿ ಕೋಣೆಗೆ ನಾನು ಸುರಿದ ಬೆವರು ಸುಳ್ಳಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಈ ಸಲ ನೋಡಲು ಬಂದವರು ಅವಸರದಲ್ಲಿದ್ದರು. ಕುರ್ಚಿಯ ಮೇಲೆ ಕೂತು, ಟೀ ಕುಡಿದು ಹೋದರು. ಪ್ರಶಸ್ತಿ ಬಂತು.

ಚಿತ್ರದುರ್ಗದ ಸಭಾಂಗಣಕ್ಕೆ ಮೇಷ್ಟ್ರು ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದಿದ್ದರು. ಮೀಸೆಗೆ ಬಣ್ಣ ಇರಲಿಲ್ಲ. ವೇದಿಕೆಯ ಮೇಲೆ ನನ್ನ ತಲೆಗೆ ದೊಡ್ಡದಾದ ಪೇಟ ಹುಬ್ಬಿನ ಮೇಲೆ ಜಾರುತ್ತಿತ್ತು. ಮೈಕಿನಲ್ಲಿ ಅಭಿನಂದನಾ ಪತ್ರ ಓದಿದರು. ಎಲ್ಲರಿಗೂ ಓದುವಂಥದ್ದೇ ನನಗೂ ಓದುತ್ತಾರೆ ಎಂದುಕೊಂಡಿದ್ದೆ. ನಡುವೆ, "ಹಟ್ಟಿಯ ಒಂದು ಮಗುವೂ ಶಾಲೆಯಿಂದ ಹೊರಗುಳಿಯದಂತೆ ನೋಡಿಕೊಂಡು, ಪೂರ್ಣ ಹಾಜರಾತಿ ಸಾಧಿಸಿದ" ಎಂಬ ಮಾತು ಬಂತು. ಜನ ಚಪ್ಪಾಳೆ ತಟ್ಟಿದರು. ನಾನು ಮೇಷ್ಟ್ರನ್ನು ಹುಡುಕಿದೆ. ಹಿಂದಿನ ಸಾಲಿನಲ್ಲಿ ಅವರೂ ತಟ್ಟುತ್ತಿದ್ದರು.

ಹೊರಗೆ ಬಂದಾಗ ಫಲಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಪತ್ರವನ್ನು ಕನ್ನಡಕ ಹಾಕಿಕೊಂಡು ಓದಿದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಾಲ್ಕು ಮಾತು ಬೈದಿದ್ದರೆ, ಹಳೆಯ ಹಾಗೆ ಒಂದು ಕೊಂಕು ತೆಗೆದಿದ್ದರೆ ಹಗುರವಾಗುತ್ತಿತ್ತು. "ಪೂರ್ಣ ಹಾಜರಿ. ನಾನಿದ್ದಾಗ ಇದು ಒಂದ್ಸಲನೂ ಆಗ್ಲಿಲ್ಲ ನೋಡಮ್ಮ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ನನಗೆ ಅಳು ಬಂತು, ಅವರು ಸಂತೋಷದ ಅಳು ಎಂದುಕೊಂಡರೋ ಏನೋ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಮರುದಿನ ಸಂಜೆ ಮನೆಯಲ್ಲಿದ್ದಾಗ ಹುಡುಗಿಯ ಅಪ್ಪನ ಫೋನು ಬಂತು. ಮೊದಲೆಲ್ಲ ಮಗಳ ಶಾಲೆಗೆಂದು ಮಳೆಗಾಲಕ್ಕೆ ತಪ್ಪದೆ ಊರಿಗೆ ಬರುತ್ತಿದ್ದರು. ಈಗ ಆ ಅವಸರ ಇಲ್ಲ, ಎಲ್ಲಿ ಮೇವಿದ್ದರೆ ಅಲ್ಲೇ. ಆ ವರ್ಷವೂ ಹೊಸದುರ್ಗದ ಕಡೆಯೇ ಉಳಿದಿದ್ದರು. "ಟೀಚರ್, ಪೇಪರಿನಾಗೆ ನಿಮ್ಮ ಫೋಟೋ ಬಂದೈತೆ, ಇಲ್ಲೊಬ್ರು ತೋಟದೋರು ತೋರಿಸಿದ್ರು. ನಮಗೆಷ್ಟು ಖುಷಿ ಆತು ಗೊತ್ತಾ" ಎಂದ. ಹಿಂದೆ ಯಾರೋ ಏನೋ ಅಂದರು. "ತಡೀರಿ, ಕೂಸಿಗೆ ಮಾತಾಡಬೇಕಂತೆ" ಎಂದು ಫೋನು ಕೊಟ್ಟ.

ದನಿ ಬದಲಾಗಿತ್ತು, ಹುಡುಗಿ ದೊಡ್ಡವಳಾಗುತ್ತಿದ್ದಳು. ಊಟ ಆಯ್ತಾ, ಎಷ್ಟು ಮರಿ ಹಾಕಿವೆ ಎಂದೆಲ್ಲ ಕೇಳಿದೆ. ಓದುತ್ತೀಯಾ ಎಂದು ಕೇಳಲು ಬಾಯಿ ಬರಲಿಲ್ಲ. ಅವಳೇ, "ಟೀಚರ್, ಪ್ರಶಸ್ತಿ ಜೊತಿಗೆ ಬರೆದು ಕೊಡ್ತಾರಂತಲ್ಲ, ಅದ್ರಾಗೆ ಏನು ಬರೆದಾರೆ, ಓದ್ರಿ" ಎಂದಳು.

ಪತ್ರ ಮೇಜಿನ ಮೇಲೇ ಇತ್ತು. ಓದಲು ಶುರು ಮಾಡಿದೆ. ಅವಳು ಸದ್ದು ಮಾಡದೆ ಕೇಳುತ್ತಿದ್ದಳು. "ಹಟ್ಟಿಯ ಒಂದು ಮಗುವೂ" ಎಂಬಲ್ಲಿಗೆ ಬಂದಾಗ ಆ ಸಾಲು ಬಿಟ್ಟು ಮುಂದಿನದಕ್ಕೆ ಹೋದೆ.

"ಅಷ್ಟೇನಾ ಟೀ‌ಚರ್?" ಎಂದಳು.

"ಅಷ್ಟೇ" ಎಂದೆ.